ಡಬ್ಬಿಯ ಮೇಲಿನ ಅರಮನೆ

ಸಾವಿರ ಸುಳ್ಳು ಹೇಳಿಯಾದರೂ ಒಂದು ಮದುವೆ ಮಾಡು ಎನ್ನುತ್ತಾರೆ ಹಿರಿಯರು. ನಮ್ಮ ಗುಮಾಸ್ತನ ಮದುವೆಗೆ ಒಂದೇ ಸುಳ್ಳು ಸಾಕಾಯಿತು. ಉಳಿದ ಒಂಬೈನೂರ ತೊಂಬತ್ತೊಂಬತ್ತನ್ನು ಅವನು ಮದುವೆಯಾದ ಮೇಲೆ ಬಿಡುವಾದಾಗಲೆಲ್ಲ ಹೇಳಿ ಬಾಕಿ ತೀರಿಸಿದ.

ಆ ಮೊದಲನೆಯ ಸುಳ್ಳಂತೂ ಅವನದಲ್ಲ, ಅವನ ಅಕ್ಕನದು. ಹೆಣ್ಣಿನ ಕಡೆಯವರು ಹುಡುಗನನ್ನು ನೋಡಲು ಬರುತ್ತೇವೆಂದ ವಾರವೇ ಹುಡುಗನಿಗೆ ಮಂಗನಬಾವು ಬಂತು. ಎರಡೂ ಕೆನ್ನೆ ಊದಿ, ಕತ್ತು ಎಲ್ಲಿ ಮುಗಿಯಿತು, ತಲೆ ಎಲ್ಲಿ ಶುರುವಾಯಿತು ಎಂದು ತಿಳಿಯದ ಹಾಗಾಯಿತು. ಈ ಮುಖ ತೋರಿಸಿದರೆ ಹೆಣ್ಣು ಕೊಡುವುದಿರಲಿ, ಒಂದು ಲೋಟ ನೀರೂ ಕೊಡುವುದಿಲ್ಲ ಎಂದು ಅಕ್ಕ ಅವನಿಗೆ ಶಾಲು ಸುತ್ತಿ ಚಿಕ್ಕಮ್ಮನ ಮನೆಗೆ ಸಾಗಿಸಿದಳು. ಬಂದವರಿಗೆ, ನನ್ನ ತಮ್ಮ ಕಚೇರಿ ಕೆಲಸದ ಮೇಲೆ ರಾಜಧಾನಿಗೆ ಹೋಗಿದ್ದಾನೆ, ಅವನಿಲ್ಲದೆ ಅಲ್ಲಿ ಕೆಲಸ ನಡೆಯುವುದಿಲ್ಲವಂತೆ ಎಂದಳು. ಬಾವು ಇಳಿದ ಮೇಲೆ ಹುಡುಗ ಮನೆಗೆ ಬಂದ. ಕೈಯಲ್ಲಿ ಚಿಕ್ಕಮ್ಮ ತಿಂಡಿ ತುಂಬಿಕೊಟ್ಟಿದ್ದ ಹಳೆಯ ತಗಡಿನ ಬಿಸ್ಕತ್ ಡಬ್ಬಿ. ಒಳಗೆ ಕಾಲಿಟ್ಟರೆ ಎದುರಿನ ಕುರ್ಚಿಯಲ್ಲಿ, ಎರಡನೆಯ ಸಲ ಬಂದ ಭಾವೀ ಮಾವನವರು ಕೂತಿದ್ದರು.

ಮಾವನವರು ಸರ್ವೇಯರ್. ಜನ್ಮವೆಲ್ಲ ಪರರ ಜಮೀನಿನ ಗಡಿ ಅಳೆದವರು. ಕಣ್ಣಿಂದ ನೋಡಿದ್ದನ್ನಲ್ಲದೆ ಬೇರೇನನ್ನೂ ನಂಬುವುದಿಲ್ಲ ಎಂಬುದು ಅವರ ಹೆಮ್ಮೆ. ರಾಜಧಾನಿಯಲ್ಲಿ ಎಲ್ಲಿ ಇಳಿದುಕೊಂಡಿದ್ದಿರಿ ಎಂದು ಅವರು ಕೇಳಿದರು. ಹುಡುಗನ ಕಣ್ಣು ಕೈಯಲ್ಲಿದ್ದ ಡಬ್ಬಿಯ ಮೇಲೆ ಬಿತ್ತು. ಮುಚ್ಚಳದ ಮೇಲೊಂದು ಚಿತ್ರವಿತ್ತು: ಅಗಲವಾದ ನದಿ, ನಾಲ್ಕಾರು ದೋಣಿ, ಹಿಂದೆ ಗೋಪುರಗಳಿರುವ ದೊಡ್ಡ ಕಲ್ಲಿನ ಕಟ್ಟಡ. ಕೆಳಗಿದ್ದ ಅಕ್ಷರಗಳು ಯಾವತ್ತೋ ಸವೆದುಹೋಗಿದ್ದವು. "ಇಲ್ಲೇ" ಎಂದುಬಿಟ್ಟ. ಮಾವನವರು ಡಬ್ಬಿಯನ್ನು ಬೆಳಕಿಗೆ ಹಿಡಿದು, ಇದು ಅರಮನೆಯಲ್ಲವೇ ಎಂದರು. ಮಾವ ಅರಮನೆ ಎಂದ ಮೇಲೆ ಅಳಿಯನಾಗುವವನು ಗುಡಿಸಲು ಎನ್ನುವುದುಂಟೇ? ಅವನು ಹೌದೆಂದು ತಲೆಯಾಡಿಸಿದ.

ಮಾವನವರ ಮಗಳಿಗೆ ಆಗ ಇನ್ನೊಂದು ಸಂಬಂಧವೂ ಬಂದಿತ್ತು. ಬ್ಯಾಂಕಿನ ಕ್ಯಾಷಿಯರ್, ಸ್ವಂತ ಮನೆ, ಎಂದೂ ಊದದ ಕೆನ್ನೆ. ಆದರೆ ಅರಮನೆಯ ಮುಂದೆ ಬ್ಯಾಂಕು ಯಾವ ಲೆಕ್ಕ? ಆ ಕ್ಯಾಷಿಯರ್‌ನನ್ನು ಕೈಬಿಟ್ಟು ಮಗಳನ್ನು ನಮ್ಮ ಗುಮಾಸ್ತನಿಗೆ ಕೊಟ್ಟರು. ಅಂದಿನಿಂದ ಅವನನ್ನು "ಅಳಿಯಂದ್ರೇ, ನೀವು" ಎಂದೇ ಕರೆದರು. ಅವನು ಬಂದಾಗ ಎದ್ದು ನಿಂತರು. ಜೀವನದಲ್ಲಿ ಅವನು ಬಂದನೆಂದು ಎದ್ದು ನಿಂತ ಮನುಷ್ಯ ಅವರೊಬ್ಬರೇ.

ನಮ್ಮ ಗುಮಾಸ್ತ ನೀರು ಸರಬರಾಜು ಕಚೇರಿಯಲ್ಲಿ ದೂರಿನ ಕಿಟಕಿಯ ಹಿಂದೆ ಕೂರುವವನು. ನಲ್ಲಿಯಲ್ಲಿ ನೀರಿಲ್ಲ ಎಂದು ಬಂದವರಿಗೆ, "ನಮ್ಮವರು ಆಗಲೇ ಹೊರಟಿದಾರೆ, ದಾರೀಲಿದಾರೆ" ಎನ್ನುವುದು ಅವನ ಉದ್ಯೋಗ. ಯಾರೂ ಹೊರಟಿರುವುದಿಲ್ಲ. ಆದರೂ ಜನ ಸಮಾಧಾನದಿಂದ ಮನೆಗೆ ಹೋಗುತ್ತಾರೆ. ಹಗಲೆಲ್ಲ ಪರೋಪಕಾರಕ್ಕಾಗಿ ಸುಳ್ಳು ಹೇಳುವವನು ಸಂಜೆ ಸ್ವಂತಕ್ಕೆ ಒಂದೆರಡು ಹೇಳಿಕೊಂಡರೆ ಅದನ್ನು ದೊಡ್ಡದು ಮಾಡಬಾರದು. ಹಾಗಾಗಿ ಅರಮನೆಗೆ ವರ್ಷ ವರ್ಷವೂ ರೆಕ್ಕೆಪುಕ್ಕ ಹುಟ್ಟಿತು. ಅವನ ಕೋಣೆಯ ಬಾಗಿಲಲ್ಲಿ ಹಗಲೂ ರಾತ್ರಿ ಕಾವಲಿತ್ತು. ಊಟ ಹೊತ್ತುಹೊತ್ತಿಗೆ ಕೋಣೆಗೇ ಬರುತ್ತಿತ್ತು. ಅಪ್ಪಣೆಯಿಲ್ಲದೆ ಹೊರಗೆ ಕಾಲಿಡಲು ಬಿಡುತ್ತಿರಲಿಲ್ಲ, ಅಷ್ಟು ಕಾಳಜಿ. ಹೊರಡುವ ದಿನ ದೊಡ್ಡ ಅಧಿಕಾರಿಯೇ ಬಂದು ಬಾಗಿಲು ತೆಗೆಸಿ, ಬುದ್ಧಿಮಾತು ಹೇಳಿ ಬೀಳ್ಕೊಟ್ಟ. ಪಕ್ಕದ ಮನೆಯ ಟೈಪಿಸ್ಟಮ್ಮನಿಗೆ ಮಾತ್ರ ಅನುಮಾನ. ಅಲ್ಲಿನ ಒಂದು ಫೋಟೋ ಆದರೂ ಇಲ್ಲವಲ್ಲ ಎಂದು ಆಕೆ ಕೇಳಿದ್ದಳು. ಅಲ್ಲಿ ಫೋಟೋ ತೆಗೆಯಲು ಬಿಡುವುದಿಲ್ಲ ಎಂದ ಗುಮಾಸ್ತ. ಬೀದಿಯವರು ಅವನಿಗೆ 'ಅರಮನೆ' ಎಂದೇ ಹೆಸರಿಟ್ಟರು. ಅವನು ಅದನ್ನು ಬಿರುದು ಎಂದುಕೊಂಡ.

ಹೀಗೆ ಇಪ್ಪತ್ತು ವರ್ಷ ನಡೆದ ಮೇಲೆ ಮಾವನವರಿಗೆ ಮಂಡಿನೋವು ಶುರುವಾಯಿತು. ಕಾಲು ಪೂರ್ತಿ ಕೈಕೊಡುವ ಮುಂಚೆ ಆ ಅರಮನೆಯನ್ನೂ ಅಳಿಯಂದಿರು ಮಲಗಿದ್ದ ಕೋಣೆಯನ್ನೂ ನೋಡಿಯೇ ತೀರಬೇಕು ಎಂದು ಹಟ ಹಿಡಿದರು. ಗುಮಾಸ್ತ ಮೊದಲು ಬಿಸಿಲು ಎಂದ, ಆಮೇಲೆ ಚಳಿ ಎಂದ, ನಡುವೆ ರಜೆ ಸಿಗುವುದಿಲ್ಲ ಎಂದ. ಅವನ ಹೆಂಡತಿ ಮಾತು ಕಡಿಮೆ, ಕೆಲಸ ಜಾಸ್ತಿ ಎನ್ನುವ ಜಾತಿಯವಳು. ಒಂದು ದಿನ ಮೂವರಿಗೂ ರೈಲಿನ ಟಿಕೆಟ್ ತಂದು ಮೇಜಿನ ಮೇಲಿಟ್ಟಳು. ದಾರಿಯ ತಿಂಡಿಯನ್ನು ಅದೇ ಡಬ್ಬಿಗೆ ತುಂಬಿದಳು. ಗುಮಾಸ್ತನಿಗೆ ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಸುಳ್ಳು ಹೊರಬಿದ್ದರೆ ಮಾವನವರು ಇನ್ನೆಂದೂ ತನಗಾಗಿ ಎದ್ದು ನಿಲ್ಲುವುದಿಲ್ಲ ಎಂಬುದೊಂದೇ ಅವನ ಎದೆಯನ್ನು ಕೊರೆಯುತ್ತಿತ್ತು.

ರಾಜಧಾನಿಯ ನಿಲ್ದಾಣದಲ್ಲಿ ಇಳಿದಾಗ ಬೆಳಗಾಗಿತ್ತು. ಮಾವನವರು ಕೋಲೂರಿ ನಿಂತು, ಯಾವ ಕಡೆಗೆ ಅಳಿಯಂದ್ರೇ ಎಂದರು. ಗುಮಾಸ್ತ ಹುಟ್ಟಿದಾರಭ್ಯ ಈ ಊರನ್ನು ನೋಡಿದವನಲ್ಲ. ಆದರೂ ನುರಿತವನ ಗತ್ತಿನಲ್ಲಿ ಎಡಕ್ಕೆ ಹೊರಟ. ನದಿಯ ಕಡೆ ಎಂದು ಹೊರಟವನು ಸಗಟು ತರಕಾರಿ ಮಾರುಕಟ್ಟೆಗೆ ಹೋಗಿ ನಿಂತ. ಮೂಟೆ ಹೊತ್ತವರ ನಡುವೆ ಸಿಕ್ಕಿಕೊಂಡು, ಇಲ್ಲೇ ಮುಂಚೆ ನದಿಗೆ ಹೋಗುವ ರಸ್ತೆಯಿತ್ತು, ಕಿತ್ತುಹಾಕಿದ್ದಾರೆ ಎಂದ. ಅಲ್ಲಿಂದ ಅವನ ಬಾಯಿಗೆ ಒಂದು ಮಂತ್ರ ಸಿಕ್ಕಿತು. ದಾರಿ ತಪ್ಪಿದಾಗಲೆಲ್ಲ "ಆಗ ಹೀಗಿರಲಿಲ್ಲ" ಎನ್ನುವುದು. ಅಡ್ಡ ಬಂದ ಸೇತುವೆಗೂ ಅದೇ, ತಲೆಯೆತ್ತಿದ ಗೋಡೆಗೂ ಅದೇ. ಚೌಕದ ನಡುವಿನ ಕಲ್ಲಿನ ಗಡಿಯಾರದ ಗೋಪುರವನ್ನು ನೋಡಿಯೂ, ಇದೆಲ್ಲ ನಾನು ಹೋದ ಮೇಲೆ ಕಟ್ಟಿದ್ದು ಎಂದ. ಮಾವನವರು ಹತ್ತಿರ ಹೋಗಿ ಕಲ್ಲಿನ ಮೇಲೆ ಕೆತ್ತಿದ್ದನ್ನು ಓದಿ, ಇದಕ್ಕೆ ನಾನೂರು ವರ್ಷವಾಗಿದೆಯಂತೆ ಎಂದರು. ಹೆಂಡತಿ ಗಂಡನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ವಯಸ್ಸಿಗೆ ಚೆನ್ನಾಗಿಯೇ ಉಳಿದುಕೊಂಡಿದೀರಿ ಎಂದಳು.

ಕೊನೆಗೆ ಹಣ್ಣು ಮಾರುವವಳೊಬ್ಬಳನ್ನು ಗುಟ್ಟಾಗಿ ಕೇಳಿ ಅರಮನೆ ತಲುಪಿದ. ಬಿಳಿಯ ಕಟ್ಟಡ, ಮುಂದೆ ಹೂದೋಟ, ಟಿಕೆಟ್ಟಿಗೆ ಸಾಲು. ಗುಮಾಸ್ತ ಉಸಿರು ಬಿಡುವಷ್ಟರಲ್ಲಿ ಮಾವನವರು ಚೀಲದಿಂದ ಡಬ್ಬಿ ತೆಗೆದು, ಮುಚ್ಚಳವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ಹೋಲಿಸತೊಡಗಿದರು. ಗೋಪುರವಿಲ್ಲ. ಕಲ್ಲಿನ ಬಣ್ಣ ಬೇರೆ. ನದಿಯೂ ಪಕ್ಕದಲ್ಲಿಲ್ಲ. ಹಿಂಬದಿಯಿಂದ ನೋಡಬೇಕು ಎಂದ ಗುಮಾಸ್ತ. ಹಿಂಬದಿಗೆ ಹೋದರು, ಅಲ್ಲಿ ಅಡುಗೆಮನೆಯ ಹೊಗೆಗೂಡು ಬಿಟ್ಟರೆ ಬೇರೇನೂ ಇರಲಿಲ್ಲ. ಗೋಪುರಗಳನ್ನು ಕೆಡವಿದ್ದಾರೆ ಎಂದ. ಮಾವನವರು ಗೋಡೆಯನ್ನು ಬೆರಳಿನಿಂದ ಸವರಿ ಏನೂ ಹೇಳಲಿಲ್ಲ. ಸರ್ವೇಯರ್ ಏನೂ ಹೇಳದಿದ್ದರೆ ಗಡಿ ಒತ್ತುವರಿಯಾಗಿದೆ ಎಂದೇ ಅರ್ಥ. ಮಾವನವರ ಗಮನ ಬೇರೆ ಕಡೆ ಹೊರಳಿಸಲು, ಮಂಡಿಗೆ ಆರಾಮ, ದೋಣಿಯಲ್ಲಿ ಒಂದು ಸುತ್ತು ಹೋಗೋಣ ಎಂದ ಗುಮಾಸ್ತ.

ದೋಣಿಯಲ್ಲಿ ಹತ್ತಾರು ಪ್ರವಾಸಿಗರಿದ್ದರು. ಎರಡನೆಯ ಸೇತುವೆ ದಾಟಿ ನದಿ ಬಾಗಿತು. ಬಾಗಿದ್ದೇ ತಡ, ಎದುರು ದಡದಲ್ಲಿ ಡಬ್ಬಿಯ ಮೇಲಿನ ಕಟ್ಟಡ ಇದ್ದಕ್ಕಿದ್ದ ಹಾಗೆ ಎದ್ದು ನಿಂತಿತು. ಅದೇ ಗೋಪುರಗಳು, ಅದೇ ಕಲ್ಲು, ಅದೇ ಕಿಟಕಿಗಳ ಸಾಲು. ಮಾವನವರು ಮುಚ್ಚಳ ಹಿಡಿದು ನೋಡಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಗುಮಾಸ್ತನಿಗೆ ಹೋದ ಜೀವ ಬಂತು. ದೇವರು ದೊಡ್ಡವನು, ಸುಳ್ಳರನ್ನೂ ಕೈಬಿಡುವುದಿಲ್ಲ ಎಂದುಕೊಂಡ. ಈ ಊರಿನಲ್ಲಿ ಎರಡು ಅರಮನೆಗಳಿವೆ, ಬೆಳಗ್ಗೆ ನೋಡಿದ್ದು ಸಾಮಾನ್ಯ ಜನಕ್ಕೆ, ಇದು ವಿಶೇಷದವರಿಗೆ ಎಂದು ವಿವರಿಸಿದ. ಸಂತೋಷದಲ್ಲಿ ಎದ್ದು ನಿಂತು ದೋಣಿಗೆಲ್ಲ ಕೇಳುವ ಹಾಗೆ ಶುರು ಮಾಡಿದ. ಮೇಲಿನ ಸಾಲಿನ ಮೂರನೆಯ ಕಿಟಕಿಯೇ ತನ್ನದು, ಬಾಗಿಲಲ್ಲಿ ಹಗಲೂ ರಾತ್ರಿ ಕಾವಲು, ಊಟ ಒಳಗೇ, ಹೊರಗೆ ಬಿಡುತ್ತಲೇ ಇರಲಿಲ್ಲ. ಅವನ ಪಕ್ಕದಲ್ಲಿ ಕೂತಿದ್ದ ದಂಪತಿ ಮೆಲ್ಲಗೆ ಆಚೆಗೆ ಸರಿದರು. ಹಿಂದೆ ಕೂತಿದ್ದ ಹೆಂಗಸು ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಜನ ಗೌರವದಿಂದ ಜಾಗ ಬಿಡುತ್ತಿದ್ದಾರೆಂದು ಗುಮಾಸ್ತ ಕಾಲು ಚಾಚಿ ಕೂತ. ಹುಟ್ಟು ಹಾಕುತ್ತಿದ್ದ ಅಂಬಿಗ ಮಾತ್ರ ಅವನ ಕಡೆ ಆತ್ಮೀಯವಾಗಿ ಬಾಗಿದ.

"ಎಷ್ಟು ದಿನ ಇದ್ರಿ?"

"ಒಂದು ವಾರ."

"ಒಂದೇ ವಾರಕ್ಕೆ ಬಿಟ್ರಾ? ನಡತೆ ಚೆನ್ನಾಗಿತ್ತೇನೋ."

"ಅದು ನಿಜ. ನನ್ನ ನಡತೆ ಅಲ್ಲಿ ಎಲ್ಲರಿಗೂ ಹಿಡಿಸಿಬಿಟ್ಟಿತ್ತು."

"ನಮ್ಮಣ್ಣ ಹನ್ನೊಂದು ವರ್ಷದಿಂದ ಅಲ್ಲೇ ಇದಾನೆ" ಎಂದ ಅಂಬಿಗ ನಿಟ್ಟುಸಿರು ಬಿಟ್ಟು.

"ಪುಣ್ಯವಂತ ಬಿಡಿ" ಎಂದ ಗುಮಾಸ್ತ.

ಅಂಬಿಗ ಅವನನ್ನು ಒಮ್ಮೆ ನೋಡಿ, ಮೂವರನ್ನೂ ಆ ಕಟ್ಟಡದ ಮೆಟ್ಟಿಲ ಬಳಿಯೇ ಇಳಿಸಿದ. ಹಣ ತೆಗೆದುಕೊಳ್ಳಲಿಲ್ಲ. ಅರಮನೆಯ ಅತಿಥಿಗಳ ಹತ್ತಿರ ಇವರು ಹಣ ಮುಟ್ಟುವುದಿಲ್ಲ ಎಂದು ಗುಮಾಸ್ತ ಮಾವನವರಿಗೆ ಹೇಳಿದ.

ಮೆಟ್ಟಿಲು ಹತ್ತಿ ಗೇಟಿನ ಕಡೆ ನಡೆಯುವಾಗ ಗುಮಾಸ್ತ ಮುಂದೆ, ಅವರಿಬ್ಬರು ಹಿಂದೆ. ಊರು ತೋರಿಸುವವರು ಜನರ ಕಡೆ ಮುಖ ಮಾಡಿ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾರಲ್ಲ, ಅವನೂ ಹಾಗೆಯೇ ನಡೆದ. ಆದ್ದರಿಂದ ಗೇಟಿನ ಮೇಲಿನ ಫಲಕ ಅವನ ಬೆನ್ನಿಗಷ್ಟೇ ಕಂಡಿತು. ಮಾವನವರು ಬೆವರಿಗೆ ಮಂಕಾದ ಕನ್ನಡಕ ತೆಗೆದು ಒರೆಸುತ್ತಿದ್ದರು. ಓದಿದವಳು ಹೆಂಡತಿಯೊಬ್ಬಳೇ. "ರೀ, ಒಂದ್ಸಲ ತಿರುಗಿ ನೋಡಿ" ಎಂದಳು. ಅವನು ಕೇಳಿಸಿಕೊಳ್ಳದೆ ಇನ್ನೂ ಒಂದು ಹೆಜ್ಜೆ ಹಿಂದಿಟ್ಟು, ದಪ್ಪ ಮೀಸೆಯ ಕಾವಲುಗಾರನಿಗೆ ಹೋಗಿ ಒರಗಿದ.

ಕಾವಲುಗಾರ ಅವನನ್ನು ನೆಟ್ಟಗೆ ನಿಲ್ಲಿಸಿ, ಯಾರನ್ನು ನೋಡಬೇಕು ಎಂದು ಕೇಳಿದ. ಮಾವನವರು ಕನ್ನಡಕ ಒರೆಸುತ್ತಲೇ ಮುಂದೆ ಬಂದು ಉತ್ತರ ಕೊಟ್ಟರು.

"ಯಾರನ್ನೂ ಅಲ್ಲಪ್ಪ. ಇವರು ನಮ್ಮ ಅಳಿಯಂದ್ರು. ಹಿಂದೆ ಇಲ್ಲಿ ಇದ್ದವರು. ಅವರಿದ್ದ ಕೋಣೆ ಒಂದ್ಸಲ ನೋಡ್ಕೊಂಡು ಹೋಗೋಣ ಅಂತ ಬಂದ್ವಿ."

ಕಾವಲುಗಾರ ಅಳಿಯನನ್ನು ನೋಡಿದ, ಮಾವನನ್ನು ನೋಡಿದ. "ಯಜಮಾನ್ರೇ, ಹಿಂದೆ ಇದ್ದವರು ತಿರುಗಿ ಬರೋದು ನನಗೇನೂ ಹೊಸದಲ್ಲ. ಜೈಲಿಗೆ ಮಾವನ ಮನೆ ಅಂತಾನೇ ಹೆಸರು. ಆದ್ರೆ ಮಾವನ್ನೂ ಜೊತೇಲಿ ಕರ್ಕೊಂಡು ಬಂದವರು ಇವರೇ ಮೊದಲು."

ಮಾವನವರು ಕನ್ನಡಕ ಹಾಕಿಕೊಂಡರು. ಫಲಕದ ಮೇಲೆ 'ಕೇಂದ್ರ ಕಾರಾಗೃಹ' ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಅವರು ಫಲಕ ಓದಿದರು, ಗೋಪುರ ನೋಡಿದರು, ಮುಚ್ಚಳ ನೋಡಿದರು, ಮತ್ತೆ ಫಲಕ ಓದಿದರು. ಕಾವಲುಗಾರನ ಕಣ್ಣು ಆಗ ಡಬ್ಬಿಯ ಮೇಲೆ ಬಿತ್ತು. ಅವನ ಮುಖ ಅರಳಿತು. ಇದು ನಮ್ಮದೇ ಬಿಸ್ಕತ್ ಡಬ್ಬಿ, ಒಳಗಿನವರೇ ಬೇಯಿಸುವ ಬಿಸ್ಕತ್ತು, ಈಗ ತಗಡು ಹೋಗಿ ರಟ್ಟು ಬಂದಿದೆ ಎಂದು ಪ್ರೀತಿಯಿಂದ ಅದನ್ನು ಸವರಿದ. ಆ ಕಾಲದಲ್ಲಿ ಬಿಡುಗಡೆಯಾಗಿ ಹೋಗುವವರ ಕೈಗೆ ಇಂಥದೊಂದು ಡಬ್ಬಿ ಕೊಟ್ಟು ಕಳಿಸುತ್ತಿದ್ದರಂತೆ. ಎಷ್ಟು ಜೋಪಾನವಾಗಿ ಇಟ್ಟುಕೊಂಡಿದೀರಿ ಎಂದು ಗುಮಾಸ್ತನ ಬೆನ್ನು ತಟ್ಟಿದ.

ಇಪ್ಪತ್ತು ವರ್ಷ ಕಟ್ಟಿದ ಅರಮನೆಯ ಒಂದೊಂದು ಕಲ್ಲೂ ಈಗ ಗುಮಾಸ್ತನ ತಲೆಯ ಮೇಲೆ ಬೀಳತೊಡಗಿತು. ಬಾಗಿಲಲ್ಲಿ ಕಾವಲು. ಕೋಣೆಗೇ ಊಟ. ಅಪ್ಪಣೆಯಿಲ್ಲದೆ ಹೊರಗಿಲ್ಲ. ದೊಡ್ಡ ಅಧಿಕಾರಿಯ ಬುದ್ಧಿಮಾತು. ಮಾವನವರು ಅದನ್ನೆಲ್ಲ ಒಂದೊಂದಾಗಿ ನೆನೆಸಿಕೊಳ್ಳುತ್ತಿರುವುದು ಅವರ ಹುಬ್ಬಿನಲ್ಲೇ ಕಾಣುತ್ತಿತ್ತು. ಅವನ ಮುಂದೆ ಎರಡೇ ದಾರಿ ಉಳಿದಿದ್ದವು. ಸುಳ್ಳುಗಾರ ಎಂದು ಒಪ್ಪಿಕೊಳ್ಳಬೇಕು, ಇಲ್ಲವೆ ಖೈದಿ ಎಂದು ಒಪ್ಪಿಕೊಳ್ಳಬೇಕು. ಗುಮಾಸ್ತ ಗಂಟಲು ಸರಿಮಾಡಿಕೊಂಡು, ಹುಟ್ಟಿ ಬುದ್ಧಿ ಬಂದ ಮೇಲೆ ಮೊದಲ ಬಾರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ಮಾವ, ನಾನು ಈ ಊರಿಗೆ ಬಂದಿರೋದೇ ಇವತ್ತು ಮೊದಲು."

ಯಾರೂ ನಂಬಲಿಲ್ಲ. ಕಾವಲುಗಾರ, ಎಲ್ಲರೂ ಮೊದಲು ಹಾಗೇ ಹೇಳುತ್ತಾರೆ ಎಂದ. ಹೆಂಡತಿ, ಈಗಷ್ಟೇ ದೋಣಿಯಲ್ಲಿ ಮೂರನೆಯ ಕಿಟಕಿ ತೋರಿಸಿದವರು ಯಾರು ಎಂದು ಕೇಳಿದಳು. ಆಮೇಲೆ ಸ್ವಲ್ಪ ಯೋಚಿಸಿ, ಕಳ್ಳತನವೇ ಆಗಿದ್ದರೆ ಇಷ್ಟು ವರ್ಷದಲ್ಲಿ ಒಂದು ಎಳೆ ಚಿನ್ನವಾದರೂ ಮನೆಯಲ್ಲಿ ಕಾಣಬೇಕಿತ್ತಲ್ಲ ಎಂದು ಬೇಸರಪಟ್ಟಳು.

ಗುಮಾಸ್ತ ಕೊನೆಯ ಅಸ್ತ್ರ ತೆಗೆದ. ಆ ವಾರ ತಾನೆಲ್ಲಿದ್ದೆ ಎಂದು ಅಕ್ಕನಿಗೆ ಗೊತ್ತು, ಅವಳ ಬಾಯಿಂದಲೇ ಕೇಳಿ ಎಂದು ಫೋನ್ ಮಾಡಿ, ಎಲ್ಲರಿಗೂ ಕೇಳುವ ಹಾಗೆ ಹಿಡಿದ. ಮಾವನವರು ಗಂಭೀರವಾಗಿ, ಮದುವೆಗೆ ಮುಂಚೆ ನಾವು ಬಂದ ವಾರ ನಿಮ್ಮ ತಮ್ಮ ಎಲ್ಲಿದ್ದರು ಹೇಳಮ್ಮ ಎಂದು ಕೇಳಿದರು. ಅಕ್ಕನಿಗೆ ಅರವತ್ತು ದಾಟಿತ್ತು. ಆದರೆ ತಮ್ಮನ ಮಾನ ಕಾಯುವ ವಿಷಯದಲ್ಲಿ ಅವಳ ನೆನಪಿಗೆ ತುಕ್ಕು ಹಿಡಿದಿರಲಿಲ್ಲ.

"ರಾಜಧಾನೀಲಿದ್ದ. ಇನ್ನೆಲ್ಲಿರ್ತಾನೆ?"

"ಅಕ್ಕಾ, ನಿಜ ಹೇಳೇ" ಎಂದ ಗುಮಾಸ್ತ ಅಳುಧ್ವನಿಯಲ್ಲಿ.

"ನಿಜಾನೇ ಹೇಳ್ತಿರೋದು ಕಣೋ. ಯಾರು ಎಷ್ಟು ಸಲ ಕೇಳಿದ್ರೂ ಇದನ್ನೇ ಹೇಳ್ತೀನಿ, ನೀನೇನೂ ಹೆದರಬೇಡ." ಅಕ್ಕ ಫೋನ್ ಇಟ್ಟಳು.

ಮೂವರೂ ನಿಲ್ದಾಣದ ಹತ್ತಿರದ ಒಂದು ವಸತಿಗೃಹಕ್ಕೆ ಹೋದರು. ಕೋಣೆಗೆ ಬಂದವರೇ ಮಾವನವರು, ಏನಾದರೂ ತಿನ್ನಲು ತಾ ಎಂದು ಮಗಳನ್ನು ಹೊರಗೆ ಕಳಿಸಿದರು. ಎರಡು ಮಂಚ, ಒಂದು ಕುರ್ಚಿ, ನೀರು ಸೋರುವ ನಲ್ಲಿ ಇರುವ ಪುಟ್ಟ ಕೋಣೆ ಅದು. ಗುಮಾಸ್ತ ಗೋಡೆಗೆ ಅಂಟಿ ನಿಂತ.

"ಬಾಗಿಲು ಹಾಕು" ಎಂದರು ಮಾವನವರು. ಅಳಿಯಂದ್ರೇ ಎನ್ನಲಿಲ್ಲ, ಹಾಕಿ ಎನ್ನಲಿಲ್ಲ. ಬಹುವಚನ ಆ ಜೈಲಿನ ಗೇಟಿನಲ್ಲೇ ಉಳಿದುಹೋಗಿತ್ತು. "ಈಗ ಹೇಳು. ಕಳ್ಳತನವೋ, ಹೊಡೆದಾಟವೋ?"

"ಮಂಗನಬಾವು, ಮಾವ."

ಮಾವನವರು ಅಷ್ಟಕ್ಕೇ ಬಿಡುವವರಲ್ಲ. ತಕರಾರಿನ ಜಮೀನಿಗೆ ಅಳತೆಯ ಸರಪಳಿ ಹಿಡಿದು ಇಳಿದವರ ಹಾಗೆ ಮೂಲೆ ಮೂಲೆಯಿಂದ ಪ್ರಶ್ನೆ ಹಾಕಿದರು. ಯಾವ ಕೆನ್ನೆ ಮೊದಲು ಊದಿತು, ಎಲ್ಲಿ ಮಲಗಿದ್ದೆ, ಏನು ತಿಂದೆ? ಗುಮಾಸ್ತ ತಲೆ ತಗ್ಗಿಸಿ ಎಲ್ಲಕ್ಕೂ ಉತ್ತರಿಸಿದ. ಎಡಗೆನ್ನೆ ಮೊದಲು. ಚಿಕ್ಕಮ್ಮನ ಮನೆಯ ಹಿಂದಿನ ಕೋಣೆಯಲ್ಲಿ, ಹಳೆಯ ಹಾಸಿಗೆಗಳ ಪಕ್ಕ. ಬಾಯಿ ತೆರೆಯಲಾಗದೆ ಗಂಜಿಯನ್ನು ಚಮಚದ ತುದಿಯಿಂದ ಹೀರಿದ್ದು. ಹೊರಗೆ ಬಿಡಲಿಲ್ಲ, ಏಕೆಂದರೆ ಅವನ ಮುಖ ನೋಡಿದರೆ ಪಕ್ಕದ ಮನೆಯ ಮಗು ಚಿಟ್ಟನೆ ಚೀರುತ್ತಿತ್ತು. ಹೊರಡುವಾಗ ಚಿಕ್ಕಮ್ಮ ಡಬ್ಬಿ ಕೊಟ್ಟದ್ದು, ಅವಳಿಗೆ ಅದು ಎಲ್ಲಿಂದ ಬಂತೋ ಅವನಿಗೆ ಗೊತ್ತಿಲ್ಲದ್ದು. ಅವನ ಸುಳ್ಳುಗಳಿಗೆಲ್ಲ ಗೋಪುರಗಳಿರುತ್ತಿದ್ದವು. ಈ ಕಥೆಯಲ್ಲಿ ಗಂಜಿ ಬಿಟ್ಟು ಬೇರೇನೂ ಇರಲಿಲ್ಲ.

ಮಾವನವರು ಉತ್ತರಗಳನ್ನೆಲ್ಲ ಬೆರಳೆಣಿಸಿ ತಾಳೆ ನೋಡಿ, "ನಿಜವೇ ಇರಬೇಕು. ಮರ್ಯಾದೆ ಕಳೆಯೋ ಇಂಥ ಸುಳ್ಳನ್ನ ಯಾರೂ ಹೇಳಲ್ಲ" ಎಂದರು.

ಗುಮಾಸ್ತನಿಗೆ ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಇನ್ನು ಅವರು ತನಗಾಗಿ ಎದ್ದು ನಿಲ್ಲುವುದಿಲ್ಲ, ಹೋಗಲಿ. ಇನ್ನು ಮುಂದೆ ಸಾಯುವವರೆಗೂ ಸುಳ್ಳು ಹೇಳುವುದಿಲ್ಲ ಎಂದು ಅಲ್ಲೇ, ಆ ಸೋರುವ ನಲ್ಲಿ ಸಾಕ್ಷಿಯಾಗಿ ಮನಸ್ಸಿನಲ್ಲೇ ಆಣೆಯಿಟ್ಟುಕೊಂಡ. ಆದರೆ ಮಾವನವರ ಮುಖದಲ್ಲಿ ಮಾತ್ರ ಸಮಾಧಾನ ಕಾಣಲಿಲ್ಲ. ಅವರು ಮಂಚದ ಮೇಲೆ ಕುಸಿದು, ಮಂಡಿಯ ಮೇಲೆ ಕೈಯಿಟ್ಟುಕೊಂಡು, ನೆಲ ನೋಡುತ್ತ ಕೂತರು. ತಪ್ಪು ಮಾಡಿದವನ ಥರ ಕಾಣುತ್ತಿದ್ದವರು ಈಗ ಅವರೇ.

"ನಾನೇ ಒಂದು ಮಾತು ಹೇಳಿಬಿಟ್ಟಿದೀನಿ" ಎಂದರು ಕೊನೆಗೆ.

ಸಂಗತಿ ನಿಧಾನವಾಗಿ ಹೊರಬಂತು. ಪಿಂಚಣಿದಾರರ ಸಂಘದಲ್ಲಿ ಒಬ್ಬ ಹೆಡ್‌ಮಾಸ್ಟರ್ ಇದ್ದಾರೆ, ದಿನಾ ಸಂಜೆ ತಾವು ನೋಡಿದ ದೇಶಗಳ ಕಥೆ ಹೇಳಿ ಎಲ್ಲರ ತಲೆ ತಿನ್ನುತ್ತಾರೆ. ಒಂದು ದಿನ ಮಾವನವರಿಗೆ ತಡೆಯಲಾಗಲಿಲ್ಲ. ಅಳಿಯಂದಿರ ಜೊತೆ ನಾನೂ ಹೋಗಿದ್ದೆ, ಅದೇ ಅರಮನೆಯಲ್ಲಿ, ಅದೇ ಕೋಣೆಯಲ್ಲಿ ಇದ್ದು ಬಂದೆ ಎಂದುಬಿಟ್ಟರು. ಪುರಾವೆಗೆಂದು ಡಬ್ಬಿಯನ್ನೂ ಒಯ್ದು ತೋರಿಸಿದ್ದರು. ಅಂದಿನಿಂದ ಸಂಘದಲ್ಲಿ ಅವರಿಗೆ ಮೊದಲ ಸಾಲಿನ ಕುರ್ಚಿ. ಒಂದು ಸಲ ಬಂದು ನಿಜವಾಗಿ ನೋಡಿಬಿಟ್ಟರೆ ಅರ್ಧ ಸುಳ್ಳಾದರೂ ತೊಳೆದುಹೋಗುತ್ತದೆ ಎಂದೇ ಅವರು ಇಷ್ಟು ದಿನ ಹಟ ಮಾಡಿದ್ದು.

"ಅದು ಯಾರಿಗೆ ಗೊತ್ತಾಗುತ್ತೆ ಬಿಡಿ ಮಾವ" ಎಂದ ಗುಮಾಸ್ತ.

"ಮುಂದಿನ ವಾರ ಸಂಘದವರೆಲ್ಲ ಈ ಊರಿಗೇ ಬರ್ತಿದಾರೆ. ನಾನಿದ್ದ ಕೋಣೆ ನೋಡಿಯೇ ವಾಪಸ್ ಹೋಗೋದಂತೆ. 'ಆ ಗೇಟಲ್ಲಿ ನಿಮ್ಮ ಹೆಸರು ಹೇಳಿದ್ರೆ ಸಾಕಲ್ವಾ' ಅಂತ ಹೆಡ್‌ಮಾಸ್ಟರ್ ಕೇಳಿದ್ರು. ಸಾಕು ಅಂದಿದೀನಿ."

ಮಾವನವರು ಗುಮಾಸ್ತನ ತೋಳು ಹಿಡಿದು ತಮ್ಮ ಪಕ್ಕಕ್ಕೆ ಎಳೆದು ಮಂಚದ ಮೇಲೆ ಕೂರಿಸಿಕೊಂಡರು. ಇಪ್ಪತ್ತು ವರ್ಷದಲ್ಲಿ ಇಬ್ಬರೂ ಹೀಗೆ ಭುಜಕ್ಕೆ ಭುಜ ತಾಗಿಸಿ ಕೂತದ್ದು ಅದೇ ಮೊದಲು.

"ಸುಮ್ನೆ ಕೂತ್ರೆ ಹೇಗೋ? ಏನಾದ್ರೂ ಯೋಚನೆ ಮಾಡು. ನಾನು ಜನ್ಮದಲ್ಲಿ ಹೇಳಿದ್ದು ಇದೊಂದೇ ಸುಳ್ಳು, ನಿಭಾಯಿಸೋಕೆ ಬರ್ತಿಲ್ಲ. ನಿನಗಾದ್ರೆ ಅಭ್ಯಾಸ ಇದೆ."